ಇಂಜಿನ್ನಿನ ಸಿಂಬಿ ಯಾರ ಲೆಕ್ಕಕ್ಕೆ?

ಮೋಟಾರು ಗಾಡಿಯಲ್ಲಿ ನೂರಾರು ಸಾಮಾನುಗಳಿವೆ. ಅವುಗಳಲ್ಲಿ ಬೆಲೆ ಕಡಿಮೆ, ತಕರಾರು ಹೆಚ್ಚು ಎನ್ನಬಹುದಾದ ಒಂದು ಸಾಮಾನಿನ ವಿಷಯವನ್ನು ಈ ಸಲ ಎತ್ತಿಕೊಂಡಿದ್ದೇವೆ. ಅದು ಮುಷ್ಟಿಯಷ್ಟು ದೊಡ್ಡದು. ಎರಡು ಕಬ್ಬಿಣದ ತುಂಡುಗಳ ನಡುವೆ ಅಂಟಿಸಿದ ರಬ್ಬರು. ಇಂಜಿನ್ನಿಗೂ ಚಾಸಿಗೂ ನಡುವೆ ಕೂತು ಇಂಜಿನ್ನಿನ ಭಾರವನ್ನು ಹೊರುತ್ತದೆ. ಕಂಪನಿಯವರು ಅದನ್ನು ಇಂಜಿನ್ ಮೌಂಟಿಂಗ್ ಎನ್ನುತ್ತಾರೆ. ಗ್ಯಾರೇಜಿನ ಮೇಸ್ತ್ರಿಗಳು ಫೌಂಡೇಶನ್ ಎನ್ನುತ್ತಾರೆ. ಮೇಸ್ತ್ರಿಗಳ ಮಾತನ್ನೇ ನಾವೂ ಇಟ್ಟುಕೊಳ್ಳೋಣ.

ಪುಣೆಯ ಮಾರ್ಕೆಟ್ ಯಾರ್ಡಿಗೆ ಮಾಲು ತರುವ, ಅಲ್ಲಿಂದ ಮಾಲು ಒಯ್ಯುವ ಟೆಂಪೋಗಳಲ್ಲಿ ಈ ಫೌಂಡೇಶನ್ ಮುರಿಯುವುದು ಹೊಸ ಸಂಗತಿಯಲ್ಲ. ಮುರಿದಾಗ ಹುಟ್ಟುವ ಜಗಳವೂ ಹಳೆಯದೇ. ಮಾಲಕನು, “ನೀನು ಕ್ಲಚ್ಚು ಝಾಡಿಸಿ ಬಿಟ್ಟದ್ದಕ್ಕೇ ಮುರಿಯಿತು, ಪಗಾರದಲ್ಲಿ ಹಿಡಿಯುತ್ತೇನೆ” ಎನ್ನುತ್ತಾನೆ. ಡ್ರಾಯ್ವರನು, “ಸಾವ್ಕಾರ್ರ, ಗಾಡಿ ನಡಗತೈತಿ ಅಂತ ತಿಂಗಳಿಂದ ಹೇಳಾಕತ್ತೀನ್ರಿ” ಎನ್ನುತ್ತಾನೆ. ಈ ವಾದದಲ್ಲಿ ಸಾಮಾನ್ಯವಾಗಿ ಗೆಲ್ಲುವವನು ಪಗಾರ ಎಣಿಸಿ ಕೊಡುವವನೇ. ಇದು ಅನ್ಯಾಯವೆಂಬುದು ನಮ್ಮ ಸ್ಪಷ್ಟ ಮತ. ಫೌಂಡೇಶನ್ ಸವೆಯಲಿಕ್ಕೆಂದೇ ಹಾಕಿದ ಸಾಮಾನು. ಟಯರು, ಬ್ರೇಕಿನ ಲೈನರು, ಇಂಜಿನ್ ಎಣ್ಣೆ ಯಾರ ಲೆಕ್ಕಕ್ಕೆ ಹೋಗುತ್ತವೆಯೋ ಇದೂ ಅವರ ಲೆಕ್ಕಕ್ಕೇ ಹೋಗಬೇಕು. ಅಷ್ಟೇ ಅಲ್ಲ, ಮುರಿದದ್ದು ತಿಳಿದ ಮೇಲೆ ಗಾಡಿಯನ್ನು ಇನ್ನೊಂದು ಭಾಡಿಗೆಗೆ ಕಳಿಸಕೂಡದು.

ಹೊಟೆಲಿನ ಹುಡುಗರ, ಗಿರಣಿಯ ಕೆಲಸಗಾರರ ಪತ್ರಿಕೆಯಲ್ಲಿ ಟೆಂಪೋದ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ನಾನಾ ಪೇಟೆ, ಭವಾನಿ ಪೇಟೆಯ ಓಣಿಗಳಿಂದ ಎದ್ದು ಗುಲಟೇಕಡಿಗೆ ಬಂದು ನೆಲೆಸಿದ ಈ ಸಗಟು ಪೇಟೆಗೂ ನಮಗೂ ಇರುವ ನಂಟು ಸಣ್ಣದಲ್ಲ. ಬ್ಯಾಡಗಿಯ ಮೆಣಸಿನಕಾಯಿ, ನಮ್ಮ ಕಡೆಯ ತೆಂಗಿನಕಾಯಿ, ಬೇಸಗೆಯಲ್ಲಿ ಕರ್ನಾಟಕದ ಆಪೂಸು ಮಾವು ಇಲ್ಲಿಗೇ ಬಂದು ಇಳಿಯುತ್ತವೆ. (ಆ ಮಾವು ಇಳಿದ ಮೇಲೆ ರತ್ನಾಗಿರಿಯ ಹೆಸರನ್ನು ಹೊತ್ತು ಮಾರಾಟವಾಗುತ್ತದೆಂಬ ದೂರು ವರ್ಷ ವರ್ಷ ಕೇಳಿಬರುತ್ತದೆ, ಅದು ಬೇರೆ ಲೇಖನದ ವಿಷಯ.) ಉಡುಪಿ ಹೊಟೆಲಿನ ಸಾಂಬಾರಿಗೆ ಬೀಳುವ ಈರುಳ್ಳಿ, ನುಗ್ಗೆಕಾಯಿ ಬೆಳಗಿನ ಜಾವ ಇಲ್ಲಿಂದಲೇ ಟೆಂಪೋ ಏರುತ್ತವೆ. ಸೊಲ್ಲಾಪುರದ ಹಾದಿಯಾಗಿ ವಿಜಯಪುರ, ಕಲಬುರ್ಗಿಯ ಹುಡುಗರು, ಖಂಬಾಟಕಿ ಘಾಟು ಇಳಿದು ಬೆಳಗಾವಿ, ಹುಬ್ಬಳ್ಳಿಯ ಹುಡುಗರು ಈ ಯಾರ್ಡಿಗೆ ಗಾಡಿ ಹೊಡೆಯುತ್ತಾರೆ. ಹೊಟೆಲಿನಲ್ಲಿ ಹತ್ತಾರು ವರ್ಷ ಬಟ್ಟಲು ಎತ್ತಿ, ಗಲ್ಲೆಯಲ್ಲಿ ಕೂತು, ಉಳಿಸಿದ ದುಡ್ಡಿಗೆ ಸಾಲ ಸೇರಿಸಿ ಒಂದು ಚಿಕ್ಕ ಟೆಂಪೋ ತೆಗೆದುಕೊಂಡ ಬಂಧುಗಳೂ ನಮ್ಮಲ್ಲಿದ್ದಾರೆ. ಅಂಥವರಿಗೆ ಮಾಲಕನೂ ತಾವೇ, ಡ್ರಾಯ್ವರನೂ ತಾವೇ. ಅವರ ಮಾತನ್ನು ಮುಂದೆ ಬೇರೆಯಾಗಿ ಆಡುತ್ತೇವೆ.

ಮೊದಲು ಈ ಸಾಮಾನು ಮಾಡುವ ಕೆಲಸವೇನೆಂದು ತಿಳಿಯಬೇಕು. ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲನನ್ನು ನೋಡಿರಿ. ಅವನು ಬರಿತಲೆಯ ಮೇಲೆ ಭಾರವನ್ನು ಇಡುವುದಿಲ್ಲ. ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ, ಅದನ್ನು ತಲೆಗಿಟ್ಟು, ಅದರ ಮೇಲೆ ಚೀಲ ಇಡಿಸಿಕೊಳ್ಳುತ್ತಾನೆ. ಮರಾಠಿ ಬಂಧುಗಳು ಇದನ್ನೇ ಚುಂಬಳ ಎನ್ನುತ್ತಾರೆ. ಸಿಂಬಿಯಿಂದ ಭಾರ ಒಂದು ತೊಲೆಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಭಾರ ಒಂದೇ ಕಡೆ ಒತ್ತದೆ ಹರಡುತ್ತದೆ. ಹೆಜ್ಜೆ ಇಟ್ಟಾಗ ಆಗುವ ಧಕ್ಕೆ ನೇರವಾಗಿ ಕುತ್ತಿಗೆಗೆ ಇಳಿಯುವುದಿಲ್ಲ. ಚೀಲ ಆಚೀಚೆ ಜಾರುವುದಿಲ್ಲ. ಫೌಂಡೇಶನ್ ಇಂಜಿನ್ನಿಗೆ ಮಾಡುವುದೂ ಇವೇ ಮೂರು ಕೆಲಸ. ಭಾರ ಹೊರುವುದು, ನಡುಕವನ್ನು ನುಂಗುವುದು, ಗೇರು ಹಾಕಿ ಕ್ಲಚ್ಚು ಬಿಟ್ಟಾಗ ಇಂಜಿನ್ ತಿರುಚಿಕೊಂಡು ಏಳದಂತೆ ಹಿಡಿಯುವುದು. ಗಾಡಿಗೆ ತಕ್ಕಂತೆ ಇಂಥ ಸಿಂಬಿಗಳು ಮೂರೋ ನಾಲ್ಕೋ ಇರುತ್ತವೆ.

ಹೊಟೆಲಿನ ಬಂಧುಗಳಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಅಡಿಗೆಮನೆಯ ಹಿಟ್ಟು ರುಬ್ಬುವ ಗ್ರೈಂಡರನ್ನು ನೆನೆಯಿರಿ. ಅದರ ಕಾಲಿನ ರಬ್ಬರು ಒಂದು ಉದುರಿಹೋದರೆ ಸಾಕು, ಗ್ರೈಂಡರು ಗಡಗಡ ಎನ್ನುತ್ತ ನೆಲದ ಮೇಲೆ ತಾನೇ ನಡೆಯತೊಡಗುತ್ತದೆ. ಇಚಲಕರಂಜಿ, ಸೊಲ್ಲಾಪುರದ ಮಗ್ಗಗಳಲ್ಲಿ ದುಡಿದವರಿಗಂತೂ ನಡುಗುವ ಯಂತ್ರ ಎಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ.

ಮೊದಮೊದಲ ಮೋಟಾರುಗಳಲ್ಲಿ ಈ ಸಿಂಬಿ ಇರಲಿಲ್ಲ. ಇಂಜಿನ್ನನ್ನು ನೇರವಾಗಿ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಇಂಜಿನ್ ನಡುಗಿದರೆ ಗಾಡಿಯೆಲ್ಲ ನಡುಗುತ್ತಿತ್ತು. ಅಮೇರಿಕೆಯ ಕ್ರೈಸ್ಲರ್ ಕಂಪನಿ 1931ರಲ್ಲಿ ತನ್ನ ಪ್ಲಿಮತ್ ಕಾರಿನಲ್ಲಿ ಇಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ, ಅದಕ್ಕೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟಿತು. ತೇಲುವ ಶಕ್ತಿ ಎಂದು ಅರ್ಥ. ನಾಲ್ಕು ಸಿಲಿಂಡರಿನ ಅಗ್ಗದ ಕಾರು ಎಂಟು ಸಿಲಿಂಡರಿನ ಶ್ರೀಮಂತರ ಕಾರಿನಂತೆ ಮೆತ್ತಗೆ ಓಡತೊಡಗಿತು. ಮರುವರ್ಷ ಫ್ರಾನ್ಸಿನ ಸಿತ್ರೊಯೆನ್ ಕಂಪನಿ ಈ ಹಕ್ಕನ್ನು ಕೊಂಡು, ನೀರಿನ ಮೇಲೆ ತೇಲುವ ಹಂಸದ ಚಿತ್ರ ಹಾಕಿ ಜಾಹಿರಾತು ಮಾಡಿತು. ನಮ್ಮ ಮುಂಬಯಿಯ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆ ಮೊದಲು ಜೋಡಿಸಿದ್ದು ಇದೇ ಕ್ರೈಸ್ಲರ್ ಬಳಗದ ಗಾಡಿಗಳನ್ನು. ಆ ಮೇಲೆ ಅದೇ ಕಾರಖಾನೆಯಿಂದ ಬಂದ ಫಿಯಾಟು, ಪದ್ಮಿನಿ ಕಾರುಗಳು ದಶಕಗಳ ಕಾಲ ಮುಂಬಯಿಯ ಟ್ಯಾಕ್ಸಿಗಳಾಗಿದ್ದವು. 2023ರಲ್ಲಿ ಅವು ಬೀದಿಯಿಂದ ಮರೆಯಾದವು.

ಟೆಂಪೋದ ಕಥೆ ಪುಣೆಯದೇ. ಆ ಹೆಸರು ಬಂದದ್ದು ಜರ್ಮನಿಯ ಹ್ಯಾಂಬುರ್ಗಿನ ಟೆಂಪೋ ಕಂಪನಿಯಿಂದ. ಅದರೊಡನೆ ಕೂಡಿ 1958ರಲ್ಲಿ ಫಿರೋದಿಯಾ ಅವರು ಆರಂಭಿಸಿದ ಬಜಾಜ್ ಟೆಂಪೋ ಕಂಪನಿ ಮೂರು ಗಾಲಿಯ ಗಾಡಿಗಳನ್ನು ಮಾಡಿತು. ಮುಂದೆ ಆಕುರ್ಡಿಯಲ್ಲಿ ನೆಲೆಸಿತು. 2005ರಿಂದ ಫೋರ್ಸ್ ಮೋಟರ್ಸ್ ಎನಿಸಿಕೊಂಡಿತು. ಗಾಡಿ ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಟೆಂಪೋ ಎಂಬ ಹೆಸರೇ ನಿಂತಿತು. ಅದೇ 2005ರಲ್ಲಿ ಟಾಟಾದವರ ಏಸ್ ಬಂತು. ಅದಕ್ಕೆ ಜನ ‘ಛೋಟಾ ಹಾಥಿ’ ಎಂದು ಕರೆದರು. ಬಾರಾಮತಿಯಲ್ಲಿ ಪಿಯಾಜಿಯೋ ಕಂಪನಿಯ ಮೂರು ಗಾಲಿಯ ಗಾಡಿಗಳು ತಯಾರಾಗುತ್ತವೆ.

ಈ ಹೆಸರುಗಳನ್ನು ಹೇಳಿದ್ದು ಅಲಂಕಾರಕ್ಕಲ್ಲ. ಸಿಲಿಂಡರಿನ ಲೆಕ್ಕ ಇಲ್ಲಿ ಮುಖ್ಯ. ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತ ನಿಂತಿದೆ ಎಂದಿಟ್ಟುಕೊಳ್ಳಿರಿ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸೆಕೆಂದಿಗೆ 30 ಸ್ಫೋಟಗಳಾಗುತ್ತವೆ. ಮೊದಲು ಬಂದ ಏಸ್ ಗಾಡಿಯ 702 ಸಿ.ಸಿ.ಯ ಡೀಸೆಲ್ ಇಂಜಿನ್ನಿಗಿದ್ದದ್ದು ಎರಡೇ ಸಿಲಿಂಡರು. ಅದರಲ್ಲಿ ಸೆಕೆಂದಿಗೆ 15. ಒಂದೇ ಸಿಲಿಂಡರಿನ ಮೂರು ಗಾಲಿಯ ಡೀಸೆಲ್ ಗಾಡಿಯಲ್ಲಿ ಏಳೂವರೆ. ಹೊಡೆತಗಳ ಸಂಖ್ಯೆ ಕಡಿಮೆಯಾದಷ್ಟೂ ಒಂದೊಂದು ಹೊಡೆತ ದೊಡ್ಡದಾಗಿ ತಿಳಿಯುತ್ತದೆ, ಮತ್ತು ಅದನ್ನು ರಬ್ಬರಿನಿಂದ ನುಂಗಿಸುವುದು ಕಷ್ಟವಾಗುತ್ತದೆ. ಅಂದರೆ ದೊಡ್ಡ ಸಾಹೇಬರ ಕಾರಿಗಿಂತ ಬಡವನ ಟೆಂಪೋದಲ್ಲಿ ಫೌಂಡೇಶನ್ನಿಗೆ ದುಡಿತ ಹೆಚ್ಚು. ಅದರಲ್ಲೂ ಏಸ್ ಗಾಡಿಯಲ್ಲಿ ಇಂಜಿನ್ ಇರುವುದು ಕೂರುವ ಜಾಗದ ಕೆಳಗೇ.

ಇನ್ನು, ಅದು ಮುರಿಯುವುದೇಕೆ? ಇದನ್ನು ತುಸು ವಿವರವಾಗಿಯೇ ನೋಡಬೇಕು. ತಪ್ಪು ಯಾರದೆಂಬುದು ಇಲ್ಲಿಯೇ ತೀರ್ಮಾನವಾಗಬೇಕಾಗಿದೆ.

ಮೊದಲನೆಯ ಕಾರಣ ವಯಸ್ಸು. ಇಂಜಿನ್ನಿನ ಕಾವಿನಲ್ಲಿ ವರ್ಷಗಟ್ಟಲೆ ಬೆಂದ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎರಡನೆಯದು ಎಣ್ಣೆ. ಮರದ ರಬ್ಬರಿಗೆ ಇಂಜಿನ್ ಎಣ್ಣೆ, ಡೀಸೆಲ್ಲು ಪರಮ ಶತ್ರು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟು ಹೋಗಿ ಎಣ್ಣೆ ಹನಿಹನಿಯಾಗಿ ಫೌಂಡೇಶನ್ನಿನ ಮೇಲೆ ಬೀಳುತ್ತಿದ್ದರೆ ರಬ್ಬರು ಉಬ್ಬಿ, ಮೆತ್ತಗಾಗಿ, ಕಬ್ಬಿಣದಿಂದ ಬಿಟ್ಟುಕೊಳ್ಳುತ್ತದೆ. ಮೂರನೆಯದು ಭಾರ. ಗಾಡಿಗೆ ಪಾಸಾದ ತೂಕ ಒಂದು, ಯಾರ್ಡಿನ ಬಾಗಿಲಲ್ಲಿ ಏರಿಸುವ ತೂಕ ಇನ್ನೊಂದು. ಮಿತಿ ಮೀರಿದ ಭಾರ ಹೊತ್ತು ಏರು ಹತ್ತುವಾಗ, ನಿಂತಲ್ಲಿಂದ ಎಬ್ಬಿಸುವಾಗ ಇಂಜಿನ್ನಿನ ತಿರುಚೆಲ್ಲ ಆ ರಬ್ಬರಿನ ಮೇಲೆಯೇ ಬರುತ್ತದೆ. ನಾಲ್ಕನೆಯದು ರಸ್ತೆ. ಹೊಂಡಗಳ ವಿಷಯದಲ್ಲಿ ನಾವು ಬರೆದದ್ದು ಸಾಕಷ್ಟಾಯಿತು. ಐದನೆಯದು, ಒಪ್ಪಿಕೊಳ್ಳೋಣ, ಕ್ಲಚ್ಚನ್ನು ತಟಕ್ಕನೆ ಬಿಡುವ ಚಾಳಿ. ಅದರಿಂದ ಫೌಂಡೇಶನ್ನಿಗೆ ಪೆಟ್ಟು ಬೀಳುವುದು ನಿಜ. ಆದರೆ ರಬ್ಬರು ನೆಟ್ಟಗಿದ್ದರೆ ಅದು ಅಂಥ ಪೆಟ್ಟನ್ನು ತಡೆಯಲಿಕ್ಕೆಂದೇ ಇದೆ. ಒಣಗಿ ಬಿರುಕಾದ ಸಿಂಬಿಯನ್ನು ಇಟ್ಟುಕೊಂಡು, ಕೊನೆಯ ಎಳೆ ಹರಿದ ದಿನ ಗಾಡಿ ಯಾರ ಕೈಯಲ್ಲಿತ್ತು ಎಂದು ಕೇಳುವುದು ನ್ಯಾಯವಲ್ಲ. ಈ ಐದು ಕಾರಣಗಳಲ್ಲಿ ವಯಸ್ಸು, ಎಣ್ಣೆ, ಭಾರ ಈ ಮೂರೂ ಮಾಲಕನ ಹತೋಟಿಯಲ್ಲಿರುವವು. ರಸ್ತೆ ಸರಕಾರದ್ದು. ಡ್ರಾಯ್ವರನ ಪಾಲಿಗೆ ಉಳಿಯುವುದು ಒಂದು ಮಾತ್ರ, ಅದೂ ಅರ್ಧ.

“ಓಡುತ್ತದಲ್ಲ, ಓಡಿಸು” ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಫೌಂಡೇಶನ್ ಮುರಿದ ಗಾಡಿ ಓಡುವುದು ದಿಟ. ಆದ್ದರಿಂದಲೇ ಅದು ಮೋಸದ ಸಾಮಾನು. ಗಾಡಿ ಎಬ್ಬಿಸುವಾಗ ‘ಧಡ್’ ಎಂದು ಸಪ್ಪಳ, ನಿಂತಾಗ ಗೇರಿನ ದಂಡ ತಾನಾಗಿ ಕುಣಿಯುವುದು, ಗೇರು ಸಲೀಸಾಗಿ ಬೀಳದಿರುವುದು ಇದರ ಮೊದಲ ಲಕ್ಷಣಗಳು. ಆ ಮೇಲೆ ಸೈಲೆನ್ಸರಿನ ಜೋಡಣೆ ಸೀಳುತ್ತದೆ. ಕೆಲವು ಗಾಡಿಗಳಲ್ಲಿ ಫ್ಯಾನು ರೇಡಿಯೇಟರಿಗೆ ತಗಲುತ್ತದೆ. ನೀರಿನ ಪೈಪು ಎಳೆದು ಹರಿಯುತ್ತದೆ. ಒಂದು ಫೌಂಡೇಶನ್ ಹೋದರೆ ಅದರ ಭಾರ ಉಳಿದವುಗಳ ಮೇಲೆ ಬಿದ್ದು ಅವೂ ಹೋಗುತ್ತವೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ ಸಾವಿರಗಟ್ಟಲೆ ರೂಪಾಯಿಗೆ ಏರುತ್ತದೆ.

ಇದು ಹಣದ ಮಾತಾಯಿತು. ಪ್ರಾಣದ ಮಾತೂ ಇದೆ. ಅಮೇರಿಕೆಯಲ್ಲಿ 1965ರಿಂದ 1969ರ ವರೆಗಿನ ಶೆವರ್ಲೆ ಕಾರುಗಳಲ್ಲಿ ಇದೇ ಫೌಂಡೇಶನ್ನಿನ ರಬ್ಬರು ಬಿಟ್ಟುಕೊಳ್ಳತೊಡಗಿತು. ವೇಗ ಹೆಚ್ಚಿಸಿದಾಗ ಇಂಜಿನ್ ಒಂದು ಕಡೆ ಎದ್ದು, ಆಕ್ಸಿಲರೇಟರಿನ ಸರಳನ್ನು ತಾನೇ ಎಳೆದು ಹಿಡಿಯುತ್ತಿತ್ತು; ಬ್ರೇಕಿಗೆ ಬಲ ಕೊಡುವ ನಳಿಗೆಯೂ ಕಿತ್ತುಬರಬಹುದಾಗಿತ್ತು. ಗಾಡಿ ತಾನಾಗಿ ಓಡುತ್ತದೆ, ಬ್ರೇಕು ಗಟ್ಟಿಯಾಗುತ್ತದೆ ಎಂದರೆ ಒಳಗಿದ್ದವನ ಗತಿಯೇನು? ಜನರಲ್ ಮೋಟರ್ಸ್ ಎಂಬ ಬಲಾಢ್ಯ ಕಂಪನಿ ಮೊದಲು ಗಾಡಿಗಳನ್ನು ಹಿಂದಕ್ಕೆ ಕರೆಯಲು ಒಪ್ಪಲಿಲ್ಲ. ಪತ್ರಿಕೆಗಳು ಬರೆದು, ಬಳಕೆದಾರರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನಾಡರ್‌ರಂಥವರು ಪಟ್ಟು ಹಿಡಿದ ಮೇಲೆ, 1971ರ ಡಿಸೆಂಬರದಲ್ಲಿ ಸುಮಾರು 67 ಲಕ್ಷ ಗಾಡಿಗಳನ್ನು ಕರೆಸಿಕೊಂಡಿತು. ಮಾಡಿದ ದುರಸ್ತಿಯೇನು? ಇಂಜಿನ್ ಮೇಲಕ್ಕೆ ಏಳದಂತೆ ಒಂದು ಉಕ್ಕಿನ ತಂತಿಯ ಹಗ್ಗ ಕಟ್ಟಿದ್ದು. ಅಂದಿನ ಶೆವರ್ಲೆಗೂ ಇಂದಿನ ಟೆಂಪೋಕ್ಕೂ ರಚನೆಯಲ್ಲಿ ಬಹಳ ವ್ಯತ್ಯಾಸವಿದೆ, ಹಾಗೆಯೇ ಆಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ಆ ದೇಶದಲ್ಲಿ ಇಷ್ಟು ದೊಡ್ಡ ಗಲಾಟೆಗೆ ಕಾರಣವಾದ ಸಾಮಾನನ್ನು ನಮ್ಮ ದೇಶದಲ್ಲಿ “ರಬ್ಬರು ತಾನೇ” ಎಂದು ತಳ್ಳಿಬಿಡುವುದು ಹೇಗೆ? ನಮ್ಮಲ್ಲಿಯೂ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ, ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಯಿರೆಂದು ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೆ ಬಂದಿದೆ.

ಮತ್ತೊಂದು ವಿಷಯ ಡ್ರಾಯ್ವರನ ಬೆನ್ನು. ಕೂತ ಮನುಷ್ಯನ ದೇಹ ಮೇಲೆ ಕೆಳಗೆ ನಡುಗುವುದನ್ನು ಅತಿ ಕಡಿಮೆ ತಾಳುವುದು ಸೆಕೆಂದಿಗೆ 4ರಿಂದ 8 ಸಲದ ನಡುಕದಲ್ಲಿ ಎಂದು ಅಂತರರಾಷ್ಟ್ರೀಯ ಮಾನದಂಡಗಳು ಹೇಳುತ್ತವೆ. ಮೇಲೆ ಕೊಟ್ಟ ಏಳೂವರೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಯುರೋಪಿನ ದೇಶಗಳು 2002ರಲ್ಲಿ ಒಂದು ನಿರ್ದೇಶ ಹೊರಡಿಸಿ, ಒಬ್ಬ ಕಾರ್ಮಿಕನ ಮೈ ದಿನಕ್ಕೆ ಎಷ್ಟು ನಡುಗಬಹುದು ಎಂಬುದಕ್ಕೆ ಮಿತಿ ಹಾಕಿದವು. ಆ ಮಿತಿ ದಾಟದಂತೆ ನೋಡಿಕೊಳ್ಳುವುದು ಮಾಲಕನ ಹೊಣೆ. ಟೆಂಪೋದಲ್ಲಿ ಬೆನ್ನಿಗೆ ಬೀಳುವ ಧಕ್ಕೆಯಲ್ಲಿ ದೊಡ್ಡ ಪಾಲು ರಸ್ತೆಯದೇ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಮುರಿದ ಫೌಂಡೇಶನ್ ಅದಕ್ಕೆ ಇನ್ನಷ್ಟನ್ನು ಕೂಡಿಸುತ್ತದೆ, ಗಾಡಿ ನಿಂತಿದ್ದಾಗಲೂ ಬಿಡುವು ಕೊಡುವುದಿಲ್ಲ. ಮಾಲು ಇಳಿಸಲು ಸಾಲಿನಲ್ಲಿ ನಿಂತಷ್ಟು ಹೊತ್ತೂ ಮೈ ನಡುಗುತ್ತಿರುತ್ತದೆ.

ಮಾರ್ಕೆಟ್ ಯಾರ್ಡಿನಲ್ಲಿ ನಿಂತು ಇದನ್ನು ಹೇಳುವುದಕ್ಕೆ ಅರ್ಥವಿದೆ. ಪುಣೆಯ ಹಮಾಲರ ಬೆನ್ನಿಗೂ ಒಂದು ಕಾಲದಲ್ಲಿ ಬೆಲೆಯಿರಲಿಲ್ಲ. ಬಾಬಾ ಆಢಾವರು 1950ರ ದಶಕದಲ್ಲಿ ಹಮಾಲ್ ಪಂಚಾಯತವನ್ನು ಕಟ್ಟಿದರು. ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿ ಕೆಲಸಗಾರರನ್ನು ಒಗ್ಗೂಡಿಸಿದರು. ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯಿದೆ ಬಂತು. ತಲೆಯ ಮೇಲೆ ಭಾರ ಹೊರುವವನಿಗೂ ಮಂಡಳಿ, ಹಾಜರಿ, ರಜೆಯ ವೇತನ, ಪ್ರಾವಿಡೆಂಟ್ ಫಂಡು ಉಂಟೆಂದು ಸರಕಾರ ಒಪ್ಪಿತು. ಅದೇ ಮಾಲನ್ನು ಗಾಡಿಯಲ್ಲಿ ಒಯ್ಯುವ ಟೆಂಪೋ ಡ್ರಾಯ್ವರನು ಈ ಕಾಯಿದೆಯ ಹೊರಗೆ. ಒಬ್ಬ ಮಾಲಕ, ಒಂದು ಗಾಡಿ, ಒಬ್ಬ ಡ್ರಾಯ್ವರ ಎಂಬ ಲೆಕ್ಕದಲ್ಲಿ ಅವನು ಒಂಟಿ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆ ಕೂಡ ಐದು ಜನರಿಗಿಂತ ಕಡಿಮೆ ಇದ್ದಲ್ಲಿ ತಾನಾಗಿ ಅನ್ವಯಿಸುತ್ತಿರಲಿಲ್ಲ.

ಆದರೂ ಅವನು ಪೂರ್ತಿ ನಿರಾಯುಧನಲ್ಲ. ಪಗಾರದಲ್ಲಿ ಹಿಡಿಯುವ ವಿಷಯಕ್ಕೆ 1936ರ ವೇತನ ಪಾವತಿ ಕಾಯಿದೆಯಲ್ಲಿ ಒಂದು ಕಟ್ಟು ಇತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇದೆ. ಜೋಪಾನಕ್ಕೆಂದು ಒಪ್ಪಿಸಿದ ವಸ್ತು ಕೆಟ್ಟಿತೆಂದು ಪಗಾರ ಹಿಡಿಯಬೇಕಾದರೆ, ಅದು ನೇರವಾಗಿ ನೌಕರನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದಲೇ ಕೆಟ್ಟಿರಬೇಕು. ಹಿಡಿಯುವ ಮೊತ್ತ ನಷ್ಟಕ್ಕಿಂತ ಹೆಚ್ಚಾಗಕೂಡದು. ಹಿಡಿಯುವ ಮೊದಲು ನೌಕರನಿಗೆ ತನ್ನ ಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಸವೆದ ರಬ್ಬರು ಈ ಮಾತಿನಲ್ಲಿ ಎಲ್ಲಿ ಕೂರುತ್ತದೆಂದು ಮಾಲಕರು ತೋರಿಸಲಿ.

ಕಾಯಿದೆಗೆ ಇನ್ನೊಂದು ಮಗ್ಗಲೂ ಇದೆ, ಅದು ಡ್ರಾಯ್ವರರಿಗೆ ಹಿತವಾಗಲಿಕ್ಕಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ಅಪಾಯ ತರುವಂಥ ದೋಷವಿದೆಯೆಂದು ತಿಳಿದೂ ಗಾಡಿಯನ್ನು ರಸ್ತೆಗೆ ತಂದರೆ ಓಡಿಸಿದವನೂ ಗುನ್ಹೆಗಾರ, ಓಡಿಸಲು ಬಿಟ್ಟವನೂ ಗುನ್ಹೆಗಾರ. “ಮಾಲಕ ಹೇಳಿದ, ಅದಕ್ಕೆ ಓಡಿಸಿದೆ” ಎಂದರೆ ಸಾಲದು. ಆದ್ದರಿಂದ ಗಾಡಿ ನಡುಗುತ್ತದೆಂದು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿರಿ. ಮೊಬೈಲಿನಲ್ಲಿ ನಾಲ್ಕು ಅಕ್ಷರ ಬರೆದು ಕಳಿಸಿರಿ. ತಾರೀಖು ತಾನಾಗಿ ಬೀಳುತ್ತದೆ. ಅಳಿಸಬೇಡಿರಿ.

ಇನ್ನು ಬದಲಾಯಿಸುವ ಕೆಲಸ. ಇಲ್ಲಿ ನಮ್ಮ ಆಕ್ಷೇಪ ಗ್ಯಾರೇಜುಗಳ ಮೇಲೆ. ಮುರಿದ ಫೌಂಡೇಶನ್ನಿನ ಜಾಗಕ್ಕೆ ಹಳೇ ಟಯರಿನ ತುಂಡು ಕತ್ತರಿಸಿ ಇಡುವುದು, ಇಲ್ಲವೆ ಕಬ್ಬಿಣಕ್ಕೆ ಕಬ್ಬಿಣ ವೆಲ್ಡು ಮಾಡಿಬಿಡುವುದು ಎಲ್ಲರೂ ಕಂಡ ಸಂಗತಿ. ಟಯರಿನ ತುಂಡು ಊರು ಮುಟ್ಟಿಸೀತು, ಆ ಮೇಲೆ ಅದನ್ನು ತೆಗೆಯಲೇಬೇಕು. ವೆಲ್ಡು ಮಾಡಿದರೆ 1931ರ ಹಿಂದಕ್ಕೆ ಹೋದಂತಾಯಿತು. ನಡುಕವೆಲ್ಲ ಚಾಸಿಗೆ ಇಳಿದು ಬ್ರಾಕೆಟ್ಟೇ ಸೀಳುತ್ತದೆ.

ಸರಿಯಾದ ರೀತಿ ಕಷ್ಟದ್ದಲ್ಲ. ಗಾಡಿ ಸಮನೆಲದ ಮೇಲಿರಬೇಕು, ಇಂಜಿನ್ ತಣಿದಿರಬೇಕು, ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು, ಬ್ಯಾಟರಿಯ ತಂತಿ ಬಿಚ್ಚಬೇಕು. ಜಾಕನ್ನು ನೇರವಾಗಿ ಎಣ್ಣೆಯ ಸಂಪಿಗೆ ಕೊಟ್ಟರೆ ತಗಡು ನುಗ್ಗಾಗುತ್ತದೆ. ನಡುವೆ ಅಗಲವಾದ ಮರದ ಹಲಗೆ ಇಡಬೇಕು. ಇಂಜಿನ್ನನ್ನು ಎತ್ತುವುದು ಬೇಕಿಲ್ಲ. ಫೌಂಡೇಶನ್ನಿನ ಮೇಲಿನ ಭಾರ ಹಗುರಾಗುವಷ್ಟು ಏರಿಸಿದರೆ ಸಾಕು. ಹೆಚ್ಚು ಎತ್ತಿದರೆ ಪೈಪು, ವಾಯರು ಎಳೆಯುತ್ತವೆ. ಒಂದು ಸಲಕ್ಕೆ ಒಂದನ್ನೇ ಬಿಚ್ಚಬೇಕು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ತೂತು, ಎತ್ತರ ಸರಿಯೇ ಎಂದು ನೋಡಬೇಕು. ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ, ಜಾಕು ಇಳಿಸಿ, ಇಂಜಿನ್ ತನ್ನ ಜಾಗದಲ್ಲಿ ಕೂತ ಮೇಲೆ ಪೂರ್ತಿ ಬಿಗಿಯಬೇಕು. ಇಲ್ಲದಿದ್ದರೆ ಹೊಸ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡಿರುತ್ತದೆ. ಎಡಬಲ ಜೋಡಿಯಲ್ಲಿ ಒಂದು ಮುರಿದು ಇನ್ನೊಂದೂ ಅಷ್ಟೇ ಹಳೆಯದಾಗಿದ್ದರೆ ಎರಡನ್ನೂ ಬದಲಾಯಿಸುವುದೇ ಲೇಸು. ಎಲ್ಲಕ್ಕೂ ಮೊದಲು ಎಣ್ಣೆ ಸೋರುವುದನ್ನು ನಿಲ್ಲಿಸಬೇಕು. ಸೋರಿಕೆ ಹಾಗೇ ಬಿಟ್ಟು ಹೊಸ ಫೌಂಡೇಶನ್ ಹಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಈ ಕೆಲಸದಲ್ಲಿ ಗಾಡಿಯ ಕೆಳಗೆ ಮಲಗುವವರು ಯಾರೆಂಬುದನ್ನೂ ನೋಡಬೇಕು. ಮೇಸ್ತ್ರಿ ಹೊರಗೆ ನಿಂತು ಪಾನಾ ಕೊಡುತ್ತಾನೆ. ಕೆಳಗೆ ಜಾರಿಹೋಗುವವನು ಸಣ್ಣ ಹುಡುಗ. ಸಣ್ಣ ಮೈ ಸಣ್ಣ ಜಾಗಕ್ಕೆ ಹಿಡಿಸುತ್ತದೆ ಎಂಬುದೊಂದೇ ಅವನ ಅರ್ಹತೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಇಂಥ ಗ್ಯಾರೇಜಿನಲ್ಲಿ ಪಗಾರಕ್ಕೆ ಇಟ್ಟುಕೊಳ್ಳುವಂತಿಲ್ಲ. ದೊಡ್ಡವನೇ ಆದರೂ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಜಾಕು ಎತ್ತಲಿಕ್ಕೆ, ಹಿಡಿಯಲಿಕ್ಕೆ ಕಬ್ಬಿಣದ ಕುದುರೆ ಬೇಕು. ಇಟ್ಟಂಗಿ ಇಟ್ಟರೆ ಅದು ಸಿಡಿದು ಪುಡಿಯಾಗುತ್ತದೆ. ನಿಮ್ಮ ಗಾಡಿಯ ಕೆಳಗೆ ನಿಮ್ಮೂರಿನ ಹುಡುಗನೇ ಮಲಗಿರಬಹುದು. ಕುದುರೆ ಇಲ್ಲದ ಗ್ಯಾರೇಜಾದರೆ ಗಾಡಿ ತಿರುಗಿಸಿಕೊಂಡು ಮುಂದಿನದಕ್ಕೆ ಹೋಗಿರಿ.

ಸಾಲ ಮಾಡಿ ಸ್ವಂತ ಟೆಂಪೋ ಓಡಿಸುವ ಬಂಧುಗಳಿಗೆ ಒಂದು ಮಾತು ಬಾಕಿ ಇದೆ. ಅವರಿಗೆ ಪಗಾರ ಹಿಡಿಯುವವರು ಯಾರೂ ಇಲ್ಲ; ಕಂತು ಹಿಡಿಯುವವರಿದ್ದಾರೆ. ಒಂದು ದಿನ ಗಾಡಿ ನಿಲ್ಲಿಸಿದರೆ ಕಂತಿಗೆ ಎಲ್ಲಿಂದ ತರಲಿ ಎಂಬ ಹೆದರಿಕೆಯಿಂದ ಅವರು ಮುರಿದ ಫೌಂಡೇಶನ್ನಿನ ಮೇಲೆ ಕಡು ಮಾಲಕನಿಗಿಂತಲೂ ಕಟುವಾಗಿ ತಮ್ಮ ಮೈಯನ್ನೇ ದುಡಿಸಿಕೊಳ್ಳುತ್ತಾರೆ. ಅವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಆದರೆ ಲೆಕ್ಕ ಹೇಳಬಹುದು. ಸಾಮಾನು ಮೊದಲೇ ತಂದಿಟ್ಟುಕೊಂಡರೆ ಈ ಕೆಲಸ ಹೆಚ್ಚಿನ ಚಿಕ್ಕ ಗಾಡಿಗಳಲ್ಲಿ ಅರ್ಧ ದಿನದೊಳಗಿನದು. ಮಾರ್ಕೆಟ್ಟಿಗೆ ರಜೆ ಇರುವ ದಿನ ನೋಡಿ ಮಾಡಿಸಿದರೆ ಒಂದು ಭಾಡಿಗೆಯೂ ತಪ್ಪುವುದಿಲ್ಲ. ದಾರಿಯಲ್ಲಿ, ಘಾಟಿನ ನಡುವೆ, ಫ್ಯಾನು ರೇಡಿಯೇಟರನ್ನು ಸೀಳಿದ ದಿನ ಭಾಡಿಗೆಯೂ ಹೋಗುತ್ತದೆ, ಗಾಡಿಯಲ್ಲಿದ್ದ ಕೊತ್ತಂಬರಿಯೂ ಬಾಡುತ್ತದೆ.

ಪಗಾರದ ಡ್ರಾಯ್ವರರಿಗೆ ಕಡೆಯದಾಗಿ ಒಂದು ಸೂಚನೆ. ಬದಲಾಯಿಸಿದ ಮೇಲೆ ಹಳೆಯ ಫೌಂಡೇಶನ್ನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿರಿ, ಕೇಳಿ ಈಸಿಕೊಳ್ಳಿರಿ. ಅದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿರಿ. ಹರಿದ ಮೈ ಪೂರ್ತಿ ಹೊಸದಾಗಿ, ಒಂದೇ ಬಣ್ಣವಾಗಿದ್ದರೆ ಅದು ಒಂದೇ ಪೆಟ್ಟಿಗೆ ಹರಿದದ್ದು. ಬಿರುಕಿನ ಅಂಚು ಹಳತಾಗಿ ಧೂಳು ತುಂಬಿದ್ದರೆ, ರಬ್ಬರು ಎಣ್ಣೆ ಕುಡಿದು ಉಬ್ಬಿದ್ದರೆ, ಅದು ತಿಂಗಳುಗಟ್ಟಲೆ ಹರಿಯುತ್ತ ಬಂದದ್ದು. ಒಂದು ಫೋಟೋ ತೆಗೆದು, ಆ ತುಂಡನ್ನು ಚಿಂದಿಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟುಕೊಳ್ಳಿರಿ. ಪಗಾರದ ದಿನ ಮಾಲಕರು ಮಾತೆತ್ತಿದರೆ ಅದನ್ನು ಅವರ ಮುಂದೆ ಇಡಿರಿ.